ಹಿಮಮಾರುತದಲ್ಲಿ ಸಿಕ್ಕ ರೈಲುಗಾಡಿ

ನಮ್ಮ ನಾಡಿನಲ್ಲಿ ರೈಲುಗಾಡಿ ನಡುದಾರಿಯಲ್ಲಿ ನಿಂತಿತೆಂದರೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಮಾರ್ಗದಲ್ಲಿ ಗುಡ್ಡ ಜರಿದು ಬೀಳುತ್ತದೆ. ಹಳಿ ಮಣ್ಣಿನಡಿ ಹೂತುಹೋಗುತ್ತದೆ, ಇಲ್ಲವೆ ಅಡಿಯ ನೆಲವೇ ಕೊಚ್ಚಿಹೋಗಿ ಹಳಿ ಆಧಾರವಿಲ್ಲದೆ ಜೋಲಾಡುತ್ತದೆ. ಕಲ್ಲುಮಣ್ಣುಗಳ ಭಾರವನ್ನು ಕಣ್ಣಾರೆ ಕಂಡವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಆದರೆ ಶೀತದೇಶಗಳಲ್ಲಿ ಹಿಮ ಬಿದ್ದು ರೈಲುಸಂಚಾರ ನಿಂತಿತೆಂಬ ವರ್ತಮಾನವನ್ನು ಓದಿದಾಗ ನಮ್ಮ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳುವುದುಂಟು: ಅರಳೆಯ ಹಾಗೆ ಹಗುರವಾಗಿ ಬೀಳುವ ಹಿಮವು ನೂರಾರು ಟನ್ನು ತೂಗುವ ಗಾಡಿಯನ್ನು ತಡೆಯುವುದಾದರೂ ಹೇಗೆ?

ಪ್ರಶ್ನೆ ಸಹಜವಾದುದು, ಉತ್ತರ ಮಾತ್ರ ಮೊದಲ ನೋಟಕ್ಕೆ ತೋರುವಷ್ಟು ಸರಳವಲ್ಲ. ಹಿಮವು ಹಳಿಯ ಮೇಲೆ ರಾಶಿಬಿದ್ದು ಗಾಡಿಯನ್ನು ತಡೆಯುವುದು ಉಂಟಾದರೂ, ಅದಕ್ಕಿಂತ ಹೆಚ್ಚಾಗಿ ಗಾಡಿ ನಂಬಿಕೊಂಡಿರುವ ಇತರ ಸಾಧನಗಳನ್ನು, ಎಂದರೆ ನೀರು, ಇಂಧನ, ಪಾಯಿಂಟು, ವಿದ್ಯುತ್ತಿನ ತಂತಿ ಇವುಗಳನ್ನು, ಅದು ಒಂದೊಂದಾಗಿ ಕೆಡಿಸುತ್ತದೆ. ಗಾಡಿ ನಿಂತುದರಿಂದಲೇ ಕಷ್ಟ ಮುಗಿಯುವುದೂ ಇಲ್ಲ. ಓಡುವ ಗಾಡಿ ಪ್ರಯಾಣಿಕರಿಗೆ ಆಶ್ರಯವಾಗಿರುತ್ತದೆ. ನಿಂತ ಗಾಡಿ ಕೆಲವೇ ಗಂಟೆಗಳಲ್ಲಿ ಸೆರೆಮನೆಯಾಗಬಹುದು. ಈ ಎರಡು ಸಂಗತಿಗಳನ್ನು ಕೆಲವು ನಿಜವಾದ ಪ್ರಸಂಗಗಳ ಮೂಲಕ ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಮೊದಲು ೧೯೫೨ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನಡೆದ ಘಟನೆಯನ್ನು ತೆಗೆದುಕೊಳ್ಳೋಣ. ಆ ರಾಜ್ಯದ ಪೂರ್ವದಲ್ಲಿ ಸಿಯೆರಾ ನೆವಾಡ ಪರ್ವತಶ್ರೇಣಿ ಉತ್ತರದಿಂದ ದಕ್ಷಿಣಕ್ಕೆ ಗೋಡೆಯಂತೆ ನಿಂತಿದೆ. ಪಡುವಣ ಸಮುದ್ರದಿಂದ ಬರುವ ತೇವದ ಗಾಳಿಗೆ ನಮ್ಮ ಸಹ್ಯಾದ್ರಿ ಹೇಗೆ ಅಡ್ಡವಾಗಿದೆಯೋ, ಶಾಂತಸಾಗರದಿಂದ ಬರುವ ಗಾಳಿಗೆ ಸಿಯೆರಾ ಹಾಗೆಯೇ ಅಡ್ಡವಾಗಿದೆ. ಏರಿದ ಗಾಳಿ ತಣಿದು ತನ್ನ ನೀರನ್ನು ಬಿಟ್ಟುಕೊಡುವ ಕ್ರಮ ಎರಡೆಡೆಯೂ ಒಂದೇ. ಆಗುಂಬೆಯಲ್ಲಿ ಅದು ಜೂನ್ ಜುಲೈ ತಿಂಗಳುಗಳ ಜಡಿಮಳೆಯಾಗುತ್ತದೆ. ಸಿಯೆರಾದಲ್ಲಿ ತೇವದ ಗಾಳಿ ಬೀಸುವ ಕಾಲ ಚಳಿಗಾಲ, ಪರ್ವತದ ಎತ್ತರವೂ ಬಹಳ ಹೆಚ್ಚು, ಆದುದರಿಂದ ಹಿಮವಾಗುತ್ತದೆ. ರೈಲುಮಾರ್ಗ ಈ ಶ್ರೇಣಿಯನ್ನು ದಾಟುವ ಡಾನರ್ ಕಣಿವೆ ಸಮುದ್ರಮಟ್ಟದಿಂದ ಸುಮಾರು ೨,೧೫೦ ಮೀಟರು ಎತ್ತರದಲ್ಲಿದೆ. ೧೯೫೧–೫೨ರ ಚಳಿಗಾಲದಲ್ಲಿ ಕಣಿವೆಯ ನೆತ್ತಿಯ ಸಮೀಪದಲ್ಲಿ ಬಿದ್ದ ಹಿಮವನ್ನೆಲ್ಲ ಕೂಡಿದರೆ ೨೦ ಮೀಟರಿಗೂ ಮಿಕ್ಕಿತ್ತು. ಒಂದೇ ಕಾಲದಲ್ಲಿ ಅಷ್ಟು ಎತ್ತರ ನಿಂತಿತ್ತೆಂದು ಇದರ ಅರ್ಥವಲ್ಲ, ಹಿಮ ಬೀಳುತ್ತ ಬೀಳುತ್ತ ಕುಸಿದು ಗಟ್ಟಿಯಾಗುತ್ತದೆ. ಆದರೂ ಈ ಅಂಕೆಯಿಂದ ಆ ಸ್ಥಳದ ಸ್ವಭಾವ ತಿಳಿಯುತ್ತದೆ.

ಇಂತಹ ಸ್ಥಳದಲ್ಲಿ ರೈಲುಮಾರ್ಗವನ್ನು ನಿರ್ಮಿಸಿದವರು ಹಿಮವನ್ನು ಅರಿಯದವರಾಗಿರಲಿಲ್ಲ. ೧೮೬೦ರ ದಶಕದಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಪರವಾಗಿ ಸಾವಿರಾರು ಮಂದಿ ಚೀನೀ ಕೂಲಿಗಳು ಈ ಬಂಡೆಗಳನ್ನು ಕೊರೆದರು. ಚಳಿಗಾಲದಲ್ಲಿ ಹಿಮದೊಳಗೇ ಸುರಂಗ ತೋಡಿಕೊಂಡು ಅದರಲ್ಲಿ ಓಡಾಡುತ್ತ ಬಂಡೆಯ ಸುರಂಗದ ಕೆಲಸ ಮಾಡಿದರು. ಹಿಮಕುಸಿತದಲ್ಲಿ ಸತ್ತವರೂ ಅವರಲ್ಲಿದ್ದರು. ಗಾಡಿಗಳು ಓಡತೊಡಗಿದೊಡನೆಯೇ ಹಳಿಯನ್ನು ಗುಡಿಸಿ ಕಾಪಾಡುವುದು ಆಗದ ಮಾತೆಂದು ಕಂಪನಿಗೆ ಮನವರಿಕೆಯಾಯಿತು. ಆಗ ಹಳಿಯ ಮೇಲೆ ಮರದ ಚಾವಣಿಗಳನ್ನೇ ಕಟ್ಟಿಸಿತು. ಅಂತಹ ಚಾವಣಿ ಒಟ್ಟಿಗೆ ಸುಮಾರು ೬೦ ಕಿಲೋಮೀಟರುಗಳಷ್ಟು ಉದ್ದವಿತ್ತು. ಮನೆಯ ಮೇಲೆ ಮಾಡು ಇರುವಂತೆ ಮಾರ್ಗದ ಮೇಲೆ ಮಾಡು! ಆದರೆ ಹಿಮಕ್ಕೆ ಮಾಡಿದ ಉಪಾಯ ಬೆಂಕಿಗೆ ಆಹ್ವಾನವಾಯಿತು. ಉಗಿ ಎಂಜಿನಿನ ಕಿಡಿ ತಗುಲಿ ಬೇಸಗೆಯಲ್ಲಿ ಚಾವಣಿಗಳು ಉರಿದುಹೋಗುತ್ತಿದ್ದುವು; ಅವನ್ನು ಕಾಯಲು ನೀರು ತುಂಬಿದ ಅಗ್ನಿಶಾಮಕ ಗಾಡಿಗಳನ್ನು ಸದಾ ಸಿದ್ಧವಾಗಿಡಬೇಕಾಯಿತು. ಒಂದು ವಿಘ್ನಕ್ಕೆ ಮಾಡಿದ ಪರಿಹಾರವೇ ಇನ್ನೊಂದು ವಿಘ್ನಕ್ಕೆ ದಾರಿಯಾದ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆಯೂ ಇದನ್ನು ಕಾಣುತ್ತೇವೆ.

೧೯೫೨ರ ಹೊತ್ತಿಗೆ ಉಗಿಯ ಕಾಲ ಮುಗಿಯುತ್ತ ಬಂದು, ಸದರನ್ ಪೆಸಿಫಿಕ್ ಕಂಪನಿಯ ಕೈಯಲ್ಲಿದ್ದ ಈ ಮಾರ್ಗದಲ್ಲಿ ಡೀಸೆಲ್ ಎಂಜಿನುಗಳು ಓಡುತ್ತಿದ್ದುವು. ಷಿಕಾಗೋ ನಗರದಿಂದ ಪಡುವಣ ಕರಾವಳಿಗೆ ಬರುತ್ತಿದ್ದ ‘ಸಿಟಿ ಆಫ್ ಸಾನ್ ಫ್ರಾನ್ಸಿಸ್ಕೊ’ ಎಂಬ ಗಾಡಿ ಆ ಕಾಲದ ಹೆಮ್ಮೆಯ ವಾಹನ. ಮಲಗಲು ಹಾಸಿಗೆ, ಊಟದ ಡಬ್ಬಿ, ಬೆಚ್ಚನೆಯ ಕೊಠಡಿಗಳು, ಎಲ್ಲವೂ ಅದರಲ್ಲಿದ್ದುವು. ಜನವರಿ ೧೩ರಂದು ಕಣಿವೆಯ ನೆತ್ತಿಯನ್ನು ದಾಟಿ ಇಳಿಯುತ್ತಿದ್ದಾಗ, ನೆತ್ತಿಯಿಂದ ೨೭ ಕಿಲೋಮೀಟರು ಪಡುವಣಕ್ಕೆ, ಯೂಬಾ ಕಣಿವೆಯ ಬಳಿ ಅದು ಹಿಮದ ರಾಶಿಯೊಳಗೆ ನುಗ್ಗಿ ನಿಂತಿತು. ಮುಂದಕ್ಕೆ ಸರಿಯದು, ಹಿಂದಕ್ಕೂ ಸರಿಯದು. ಗಂಟೆಗೆ ೧೬೦ ಕಿಲೋಮೀಟರು ವೇಗದ ಗಾಳಿ ಸುತ್ತಲಿನ ಹಿಮವನ್ನೆಲ್ಲ ಹೊತ್ತು ತಂದು ಗಾಡಿಯ ಮೇಲೆ ಸುರಿಯಿತು. ಕೆಲವೆಡೆ ಹಿಮದ ದಿಣ್ಣೆ ೩.೭ ಮೀಟರು ಎತ್ತರವಾಯಿತು. ಒಳಗೆ ೧೯೬ ಪ್ರಯಾಣಿಕರೂ ೩೦ ನೌಕರರೂ ಇದ್ದರು.

ಇಲ್ಲಿ ಸ್ವಲ್ಪ ನಿಂತು, ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಹೇಳುವುದು ಒಳ್ಳೆಯದು. ಆಗತಾನೆ ಬಿದ್ದ ಒಣಹಿಮ ನಿಜಕ್ಕೂ ಹಗುರ. ಅದರ ತೂಕ ಅಷ್ಟೇ ಗಾತ್ರದ ನೀರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಮೆ. ಇಂತಹ ಹಿಮ ಮೊಣಕಾಲುದ್ದ ಬಿದ್ದಿದ್ದರೂ ಎಂಜಿನು ಅದನ್ನು ಸೀಳಿಕೊಂಡು ಹೋಗುತ್ತದೆ. ಗಾಳಿ ಎದ್ದಾಗ ಸ್ಥಿತಿ ಬದಲಾಗುತ್ತದೆ. ಬಿದ್ದ ಹರಳುಗಳನ್ನು ಗಾಳಿ ನೆಲದ ಮೇಲೆ ಉರುಳಿಸಿ ಅವುಗಳ ತುದಿಗಳನ್ನು ಮುರಿದು ನುಣ್ಣನೆಯ ಪುಡಿಯನ್ನಾಗಿ ಮಾಡುತ್ತದೆ. ಈ ಪುಡಿ ಒತ್ತೊತ್ತಾಗಿ ಕೂಡುತ್ತದೆ. ಒಂದನ್ನೊಂದು ತಾಕಿದ ಕಣಗಳು ಕೆಲವೇ ಗಂಟೆಗಳಲ್ಲಿ ಬೆಸೆದುಕೊಳ್ಳುತ್ತವೆ. ಗಾಳಿ ಕಟ್ಟಿದ ಹಿಮ ಮೊದಲಿನದಕ್ಕಿಂತ ಮೂರು ನಾಲ್ಕು ಪಾಲು ತೂಕವಾಗಿ, ಗುದ್ದಲಿಯಿಂದ ಇಟ್ಟಿಗೆಗಳಂತೆ ಕಡಿದು ತೆಗೆಯಬಹುದಾದಷ್ಟು ಗಟ್ಟಿಯಾಗಿರುತ್ತದೆ.

ಅದು ಎಲ್ಲೆಂದರಲ್ಲಿ ಕೂಡುವುದೂ ಇಲ್ಲ. ಗಾಳಿಯ ವೇಗ ಎಲ್ಲಿ ಕುಗ್ಗುತ್ತದೆಯೋ ಅಲ್ಲಿ ಅದರ ಹೊರೆ ಇಳಿಯುತ್ತದೆ. ಗುಡ್ಡವನ್ನು ಕಡಿದು ಹಳಿ ಹಾಸಿದ ತಗ್ಗುಗಳೇ ಅಂತಹ ತಾಣಗಳು; ಬಯಲಿನ ಮೇಲೆ ಬೀಸುವ ಗಾಳಿ ತಗ್ಗಿನ ಅಂಚನ್ನು ದಾಟಿದೊಡನೆ ನಿಧಾನವಾಗಿ ಹಿಮವನ್ನು ಒಳಗೆ ಚೆಲ್ಲುತ್ತದೆ. ಮೈಲುಗಟ್ಟಲೆ ಬಯಲಿನ ಹಿಮ ಹೀಗೆ ನೂರು ಅಡಿಯ ತಗ್ಗಿನಲ್ಲಿ ಸೇರಿಕೊಳ್ಳುವುದುಂಟು. ನಿಂತ ಗಾಡಿಯೇ ಗಾಳಿಗೆ ಒಂದು ಗೋಡೆಯಾಗುತ್ತದೆಂಬುದನ್ನು ಮರೆಯಬಾರದು. ಓಡುತ್ತಿರುವವರೆಗೆ ಅದರ ಸುತ್ತ ದಿಣ್ಣೆ ಕಟ್ಟಲು ಅವಕಾಶವಿಲ್ಲ. ನಿಂತ ಕ್ಷಣದಿಂದ ಅದೇ ಹಿಮವನ್ನು ಹಿಡಿದಿಡುತ್ತದೆ. ಅರ್ಧ ಗಂಟೆ ನಿಂತ ಗಾಡಿಯನ್ನು ಎಳೆಯುವುದು ಐದು ನಿಮಿಷ ನಿಂತ ಗಾಡಿಯನ್ನು ಎಳೆದಂತಲ್ಲ.

ಈಗ ಯೂಬಾದ ಗಾಡಿಗೆ ಹಿಂತಿರುಗೋಣ. ಡೀಸೆಲ್ ಎಂಜಿನಿಗೆ ಕಲ್ಲಿದ್ದಲೂ ಬೇಡ, ಓಡಲು ನೀರೂ ಬೇಡ ಎಂಬುದು ಅದರ ಹೆಗ್ಗಳಿಕೆ. ಆದರೆ ಡಬ್ಬಿಗಳನ್ನು ಬೆಚ್ಚಗಿಡುವ ಪದ್ಧತಿ ಉಗಿಯ ಕಾಲದ್ದೇ ಆಗಿತ್ತು. ಎಂಜಿನಿನೊಳಗೆ ಒಂದು ಚಿಕ್ಕ ಬಾಯ್ಲರು ಇಟ್ಟು ಉಗಿಯನ್ನು ಕೊಳವೆಗಳಲ್ಲಿ ಹಿಂದಕ್ಕೆ ಕಳುಹಿಸುತ್ತಿದ್ದರು. ಅದಕ್ಕೆ ನೀರು ಬೇಕು, ಇಂಧನ ಬೇಕು. ಎರಡನ್ನೂ ತುಂಬಿಸಿಕೊಳ್ಳುವುದು ನಿಲ್ದಾಣಗಳಲ್ಲಿ. ನಿಲ್ದಾಣಕ್ಕೆ ಹೋಗಲಾಗದ ಗಾಡಿಯಲ್ಲಿ ಅವು ಮುಗಿಯುತ್ತ ಬಂದು ಶಾಖ ನಿಂತಿತು. ಬೆಳಕೂ ಕುಂದಿತು. ಪ್ರಯಾಣಿಕರು ಕಂಬಳಿ, ಪರದೆ, ಸಿಕ್ಕ ಬಟ್ಟೆಯನ್ನೆಲ್ಲ ಹೊದೆದು ಒಂದೆಡೆ ಒತ್ತಾಗಿ ಕುಳಿತರು. ಊಟದ ಡಬ್ಬಿಯಲ್ಲಿದ್ದ ಸಾಮಗ್ರಿಯನ್ನು ಅಳೆದು ಹಂಚಬೇಕಾಯಿತು. ಇದಕ್ಕಿಂತಲೂ ಘೋರವಾದ ಅಪಾಯ ಕಣ್ಣಿಗೆ ಕಾಣದಂತೆ ಬಂತು: ಸುತ್ತಲೂ ಹಿಮ ಕಟ್ಟಿದ್ದರಿಂದ ಹೊಗೆಯೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಹೋಗಲಾರದೆ ಡಬ್ಬಿಗಳಲ್ಲಿ ತುಂಬಿ ಹಲವರು ಪ್ರಜ್ಞೆ ತಪ್ಪಿದರು. ಪ್ರಯಾಣಿಕರ ನಡುವೆ ಒಬ್ಬ ವೈದ್ಯರಿದ್ದುದು ಅವರ ಪುಣ್ಯ. ಈ ಕಣಿವೆಗೆ ಡಾನರ್ ಎಂಬ ಹೆಸರು ಬಂದುದೇ ೧೮೪೬–೪೭ರ ಚಳಿಗಾಲದಲ್ಲಿ ಅಲ್ಲಿ ಹಿಮದಲ್ಲಿ ಸಿಕ್ಕಿ ಹಸಿವಿನಿಂದ ಅರ್ಧದಷ್ಟು ಮಂದಿ ಮಡಿದ ವಲಸೆಗಾರರ ತಂಡವೊಂದರಿಂದ. ಆ ಕಥೆ ಗಾಡಿಯಲ್ಲಿದ್ದ ಎಲ್ಲರಿಗೂ ತಿಳಿದಿದ್ದಿರಬೇಕು.

ಬಿಡಿಸಲು ಹೋದವರ ಪಾಡು ಏನಾಯಿತು? ಇಂತಹ ಮಾರ್ಗಗಳಲ್ಲಿ ಹಿಮವನ್ನು ತೆಗೆಯಲು ತಿರುಗುನೇಗಿಲು ಎಂದು ಕರೆಯಬಹುದಾದ ಒಂದು ಯಂತ್ರವಿದೆ. ಅದರ ಮುಂಭಾಗದಲ್ಲಿ ಅಲಗುಗಳುಳ್ಳ ದೊಡ್ಡ ಚಕ್ರ. ಅದು ತಿರುಗುತ್ತ ಹಿಮವನ್ನು ಕೊರೆದು ಬದಿಗೆ ದೂರ ಎಸೆಯುತ್ತದೆ, ಹಿಂದಿನಿಂದ ಎಂಜಿನುಗಳು ತಳ್ಳುತ್ತವೆ. ಇದರ ಮೂಲಕಲ್ಪನೆ ೧೮೬೯ರಲ್ಲಿ ಕೆನಡದ ಟೊರಾಂಟೋ ನಗರದ ಜೆ. ಡಬ್ಲ್ಯು. ಎಲಿಯಟ್ ಎಂಬ ದಂತವೈದ್ಯನದು. ಹಲ್ಲು ಕೊರೆಯುವವನಿಗೆ ಹಿಮ ಕೊರೆಯುವ ಬುದ್ಧಿ ಹೊಳೆದುದು ವಿಚಿತ್ರವೋ ಸಹಜವೋ ವಾಚಕರೇ ಹೇಳಬೇಕು. ೧೮೮೦ರ ದಶಕದಲ್ಲಿ ಲೆಸ್ಲಿ ಸಹೋದರರು ಅದನ್ನು ಬಳಕೆಗೆ ತಂದರು. ಸ್ವಚ್ಛವಾದ ಹಿಮದಲ್ಲಿ ಇದಕ್ಕೆ ಸಮನಾದ ಯಂತ್ರ ಇಲ್ಲ. ಆದರೆ ಬೆಟ್ಟದಿಂದ ಕುಸಿದು ಬಂದ ಹಿಮದಲ್ಲಿ ಮರದ ದಿಮ್ಮಿ, ಬಂಡೆಗಳು ಬೆರೆತಿರುತ್ತವೆ. ಅವು ತಗುಲಿದರೆ ಅಲಗು ಮುರಿಯುತ್ತದೆ. ೧೯೫೨ರಲ್ಲಿ ಎಮಿಗ್ರಂಟ್ ಗ್ಯಾಪ್ ಬಳಿ ಈ ಯಂತ್ರಗಳೇ ಹಳಿಗೆ ಅಂಟಿ ಹೆಪ್ಪುಗಟ್ಟಿದುವು. ಹಿಮಕುಸಿತಕ್ಕೆ ಸಿಕ್ಕಿ ಒಂದು ಯಂತ್ರ ಉರುಳಿ ಅದರ ಚಾಲಕನು ಪ್ರಾಣ ಬಿಟ್ಟನು.

ಕೊನೆಗೆ ಬಿಡುಗಡೆ ಬಂದುದು ಹಳಿಯ ಮೇಲಿನಿಂದಲ್ಲ, ರಸ್ತೆಯಿಂದ. ನೂರಾರು ಮಂದಿ ಕೆಲಸಗಾರರೂ ಸ್ವಯಂಸೇವಕರೂ ಸಮೀಪದ ೪೦ನೆಯ ಹೆದ್ದಾರಿಯನ್ನು ಬಿಡಿಸಿದರು. ಜನವರಿ ೧೬ರಂದು ಪ್ರಯಾಣಿಕರು ಹಿಮದಲ್ಲಿ ನಡೆದು ಬಂದು ಮೋಟಾರುಗಳನ್ನು ಹತ್ತಿ ಕೆಲವು ಮೈಲಿ ದೂರದ ಒಂದು ವಸತಿಗೃಹವನ್ನು ಸೇರಿದರು. ೨೨೬ ಮಂದಿಯೂ ಉಳಿದರು. ಬರಿದಾದ ಗಾಡಿಯನ್ನು ಹೊರಕ್ಕೆಳೆದುದು ೧೯ರಂದು. ಹೆದ್ದಾರಿ ಅಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ಈ ಕಥೆಯ ಅಂತ್ಯ ಬೇರೆಯಾಗುತ್ತಿತ್ತೆಂದೇ ನಮ್ಮ ಎಣಿಕೆ.

ಬೇರೆಯಾದ ಅಂತ್ಯಕ್ಕೆ ಉದಾಹರಣೆ ಬೇಕಾದರೆ ೧೯೧೦ಕ್ಕೆ ಹೋಗಬೇಕು. ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಪರ್ವತಗಳ ನಡುವೆ, ವೆಲಿಂಗ್ಟನ್ ಎಂಬ ಪುಟ್ಟ ನಿಲ್ದಾಣವಿತ್ತು. ಫೆಬ್ರವರಿಯ ಕೊನೆಯಲ್ಲಿ ಸ್ಪೋಕೇನಿನಿಂದ ಸಿಯಾಟಲಿಗೆ ಹೊರಟಿದ್ದ ಒಂದು ಪ್ರಯಾಣಿಕರ ಗಾಡಿಯೂ ಒಂದು ಅಂಚೆಯ ಗಾಡಿಯೂ ಅಲ್ಲಿ ಸಿಕ್ಕಿಕೊಂಡುವು. ಎರಡು ಕಡೆಯೂ ಮಾರ್ಗ ಮುಚ್ಚಿತ್ತು, ತಿರುಗುನೇಗಿಲುಗಳು ಸೋತಿದ್ದುವು. ಗಾಡಿಗಳು ನಿಂತಿದ್ದುದು ಬೆಟ್ಟದ ಇಳುಕಲಿನ ಮೇಲೆ. ಮೇಲಿನ ಕಾಡು ಹಿಂದೆ ಬೆಂಕಿಗೆ ಉರಿದು ಬೋಳಾಗಿತ್ತು, ಹಿಮವನ್ನು ಹಿಡಿದಿಡಲು ಮರಗಳಿರಲಿಲ್ಲ. ಸಮೀಪದಲ್ಲೇ ಸುರಂಗವಿತ್ತು. ಗಾಡಿಯನ್ನು ಅದರೊಳಗೆ ನಿಲ್ಲಿಸಿರೆಂದು ಪ್ರಯಾಣಿಕರಲ್ಲಿ ಕೆಲವರು ಕೇಳಿಕೊಂಡರು. ಅಧಿಕಾರಿಗಳು ಒಪ್ಪಲಿಲ್ಲ. ಸುರಂಗದಲ್ಲಿ ಹೊಗೆ ತುಂಬುತ್ತದೆ, ಕೊರೆಯುವ ಚಳಿ, ಬಾಯಿ ಮುಚ್ಚಿದರೆ ಹೊರಬರುವ ದಾರಿಯೇ ಇಲ್ಲ ಎಂಬ ಭಯ ಅವರಿಗೆ. ಕೆಲವರು ಹಿಮದಲ್ಲೇ ನಡೆದು ಕೆಳಗಿನ ನಿಲ್ದಾಣಕ್ಕೆ ಹೋಗಿ ಪ್ರಾಣ ಉಳಿಸಿಕೊಂಡರು. ಫೆಬ್ರವರಿ ೨೮ರ ರಾತ್ರಿ ಹಿಮ ನಿಂತು ಬೆಚ್ಚನೆಯ ಗಾಳಿ ಬೀಸಿ ಮಳೆ ಬಂತು. ಮಾರ್ಚಿ ೧ರಂದು, ನಡುರಾತ್ರಿ ಒಂದು ಗಂಟೆ ದಾಟುತ್ತಿದ್ದಂತೆ, ಗುಡುಗು ಮಿಂಚುಗಳ ನಡುವೆ ಬೆಟ್ಟದ ಹಿಮ ಒಂದೇ ಹಾಳೆಯಾಗಿ ಜಾರಿ ಎರಡು ಗಾಡಿಗಳನ್ನೂ ಕಣಿವೆಗೆ ತಳ್ಳಿತು. ಸತ್ತವರು ೯೬ ಮಂದಿ. ಅವರಲ್ಲಿ ೩೫ ಜನ ಪ್ರಯಾಣಿಕರು, ಉಳಿದವರು ರೈಲ್ವೆಯ ನೌಕರರು.

ಅಧಿಕಾರಿಗಳು ತಪ್ಪಿದರೇ? ಆ ರಾಜ್ಯದ ಪರಮೋಚ್ಚ ನ್ಯಾಯಾಲಯ ಇದನ್ನು ದೈವಿಕವಾದ ಆಪತ್ತೆಂದು ಪರಿಗಣಿಸಿ ಕಂಪನಿಯನ್ನು ಹೊಣೆಯಿಂದ ಬಿಡಿಸಿತು. ಸುರಂಗದಲ್ಲಿದ್ದಿದ್ದರೆ ಬದುಕುತ್ತಿದ್ದರೆಂದು ಈಗ ಹೇಳುವುದು ಸುಲಭ. ಆ ರಾತ್ರಿಯವರೆಗೆ ಸುರಂಗದ ಅಪಾಯ ಕಣ್ಣಿಗೆ ಕಾಣುವಂತಿತ್ತು, ಬೆಟ್ಟದ ಅಪಾಯ ಕಾಣುತ್ತಿರಲಿಲ್ಲ. ನಿಂತ ಗಾಡಿಯನ್ನು ಕುರಿತು ತೀರ್ಮಾನ ಮಾಡುವವನ ಮುಂದೆ ಒಳ್ಳೆಯ ದಾರಿ ಸಾಮಾನ್ಯವಾಗಿ ಇರುವುದೇ ಇಲ್ಲ. ಒಳ್ಳೆಯ ದಾರಿ ಇದ್ದದ್ದು ಗಾಡಿ ಹೊರಡುವ ಮೊದಲು, ಬಯಲಿನ ನಿಲ್ದಾಣದಲ್ಲಿ. ಕೆಲವೇ ದಿನಗಳ ಮೇಲೆ, ಮಾರ್ಚಿ ೪ರಂದು, ಕೆನಡದ ರಾಜರ್ಸ್ ಕಣಿವೆಯಲ್ಲಿ ಹಳಿಯ ಮೇಲಿನ ಹಿಮವನ್ನು ತೆಗೆಯುತ್ತಿದ್ದ ೫೮ ಮಂದಿ ಕೆಲಸಗಾರರು ಇನ್ನೊಂದು ಕುಸಿತದಲ್ಲಿ ಹೂತುಹೋದರು. ಅವರಲ್ಲಿ ೩೨ ಮಂದಿ ಜಪಾನೀಯರು. ಎರಡು ಕಂಪನಿಗಳೂ ಮುಂದೆ ಹಿಮದೊಡನೆ ಹೋರಾಡುವುದನ್ನು ಬಿಟ್ಟು ಬೆಟ್ಟದ ಅಡಿಯಲ್ಲಿ ಹೊಕ್ಕುವು. ಕೆನಡದ ಕಾನಾಟ್ ಸುರಂಗ ೧೯೧೬ರಲ್ಲಿ, ಸುಮಾರು ೧೨.೫ ಕಿಲೋಮೀಟರು ಉದ್ದದ ಹೊಸ ಕ್ಯಾಸ್ಕೇಡ್ ಸುರಂಗ ೧೯೨೯ರಲ್ಲಿ ತೆರೆದುವು.

ಇಲ್ಲಿಯವರೆಗೆ ಹೇಳಿದುದು ಪರ್ವತದ ಮಾತು. ಬಯಲುನಾಡಿನಲ್ಲಿ ಇಂತಹ ಹಿಮಕುಸಿತಗಳಿಲ್ಲ; ಆದರೂ ಅಲ್ಲಿ ಅಂಗೈಯಷ್ಟು ಹಿಮಕ್ಕೆ ಗಾಡಿಗಳು ನಿಲ್ಲುತ್ತವೆ. ಇದಕ್ಕೆ ಮುಖ್ಯ ಕಾರಣ ಪಾಯಿಂಟುಗಳು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಈ ಚಲಿಸುವ ಹಳಿಯ ನಾಲಗೆ ಪಕ್ಕದ ಹಳಿಗೆ ಅಂಟಿಕೊಳ್ಳಬೇಕು. ನಡುವೆ ಒಂದು ಮುಷ್ಟಿ ಹಿಮ ಸಿಕ್ಕಿ ಗಟ್ಟಿಯಾದರೆ ಅಂಟುವುದಿಲ್ಲ. ಅಂಟದಿದ್ದರೆ ಸಿಗ್ನಲು ಬೀಳುವುದಿಲ್ಲ. ಆದುದರಿಂದ ಶೀತದೇಶಗಳಲ್ಲಿ ಪಾಯಿಂಟುಗಳಿಗೆ ವಿದ್ಯುತ್ತಿನಿಂದಲೋ ಅನಿಲದ ಉರಿಯಿಂದಲೋ ಶಾಖ ಕೊಡುತ್ತಾರೆ. ೨೦೧೯ರ ಜನವರಿಯ ಕಡುಚಳಿಯಲ್ಲಿ ಷಿಕಾಗೋ ನಗರದ ಹಳಿಗಳ ಪಕ್ಕ ಬೆಂಕಿ ಉರಿಯುವ ಚಿತ್ರಗಳನ್ನು ಕಂಡು ಹಳಿಗೇ ಬೆಂಕಿ ಬಿದ್ದಿತೆಂದು ಬೆದರಿದವರುಂಟು. ಚಳಿಯು ಹಳಿಯನ್ನೂ ಕುಗ್ಗಿಸುತ್ತದೆ. ಒಂದು ಕಿಲೋಮೀಟರು ಉಕ್ಕಿನ ಹಳಿ, ಯಾವ ಬಂಧನವೂ ಇಲ್ಲದಿದ್ದರೆ, ಉಷ್ಣಮಾನ ೪೦ ಡಿಗ್ರಿ ಇಳಿದಾಗ ಸುಮಾರು ೪೬ ಸೆಂಟಿಮೀಟರು ಕುಗ್ಗುತ್ತದೆ. ಬೆಸುಗೆ ಹಾಕಿ ನೆಲಕ್ಕೆ ಬಿಗಿದ ಹಳಿ ಕುಗ್ಗಲಾರದೆ ಎಳೆತಕ್ಕೆ ಸಿಕ್ಕಿ ಕೆಲವೊಮ್ಮೆ ಬಿರಿಯುತ್ತದೆ.

ವಿದ್ಯುತ್ತಿನ ಗಾಡಿಗಳು ಬಂದ ಮೇಲೆ ಹಿಮಕ್ಕೆ ಹೊಸ ಬಾಗಿಲು ತೆರೆಯಿತು. ೧೯೯೧ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಅಪರೂಪವಾದ ಒಣಪುಡಿಯಂತಹ ಹಿಮ ಬಿತ್ತು. ಮೋಟಾರುಗಳನ್ನು ತಣಿಸಲು ಎಳೆದುಕೊಳ್ಳುವ ಗಾಳಿಯೊಡನೆ ಆ ಪುಡಿ ಒಳಹೊಕ್ಕು, ಕರಗಿ, ಯಂತ್ರಗಳನ್ನು ಸುಟ್ಟಿತು. ರೈಲ್ವೆಯ ಅಧಿಕಾರಿಯೊಬ್ಬರು ರೇಡಿಯೋದಲ್ಲಿ, ಈ ಬಗೆಯ ಹಿಮದಿಂದ ವಿಶೇಷವಾದ ತೊಂದರೆಯಾಗಿದೆ ಎಂಬ ಅರ್ಥದಲ್ಲಿ ಮಾತನಾಡಿದರು. ಪತ್ರಿಕೆಯೊಂದು ಅದನ್ನು ‘ತಪ್ಪು ಬಗೆಯ ಹಿಮ’ ಎಂದು ತಲೆಬರಹ ಮಾಡಿತು; ಅಂದಿನಿಂದ ಆ ಮಾತು ಆ ದೇಶದಲ್ಲಿ ಹುಸಿನೆಪಕ್ಕೆ ಗಾದೆಯಾಗಿ ನಿಂತಿದೆ. ನಮ್ಮ ಅಭಿಪ್ರಾಯದಲ್ಲಿ ಆ ಅಧಿಕಾರಿಗೆ ಅನ್ಯಾಯವಾಯಿತು. ಹಿಮದಲ್ಲಿ ಬಗೆಗಳಿವೆ, ಒದ್ದೆಹಿಮಕ್ಕೆಂದು ರೂಪಿಸಿದ ಯಂತ್ರ ಒಣಹಿಮಕ್ಕೆ ಸೋಲುವುದು ಪದಾರ್ಥವಿಜ್ಞಾನವೇ ಹೊರತು ನೆಪವಲ್ಲ. ಒಣಹಿಮ ಎಂದೂ ಬೀಳದೆಂದು ನಂಬಿ ಯಂತ್ರ ಮಾಡಿಸಿದವರನ್ನು ಬೇಕಾದರೆ ಪ್ರಶ್ನಿಸಬಹುದು. ಹದಿನೆಂಟು ವರ್ಷಗಳ ಮೇಲೆ, ೨೦೦೯ರ ಡಿಸೆಂಬರ್ ೧೮ರ ರಾತ್ರಿ, ಫ್ರಾನ್ಸಿನ ಕೊರೆಯುವ ಚಳಿಯಿಂದ ಕಡಲಡಿಯ ಸುರಂಗಕ್ಕೆ ಹೊಕ್ಕ ಐದು ಯೂರೋಸ್ಟಾರ್ ಗಾಡಿಗಳು ಇಂತಹುದೇ ಕಾರಣದಿಂದ ಒಳಗೆ ನಿಂತುವು. ಸುರಂಗದ ಬೆಚ್ಚನೆಯ ತೇವದ ಗಾಳಿಯಲ್ಲಿ ಯಂತ್ರದೊಳಗಿನ ಹಿಮ ಕರಗಿ ನೀರಾಯಿತು. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಲ್ಲಿ ಕೆಲವರು ಹದಿನಾರು ಗಂಟೆಗಳಷ್ಟು ಕಾಲ ಕಷ್ಟಪಟ್ಟರು. ಅನಂತರ ನಡೆದ ಪರಿಶೀಲನೆ ಯಂತ್ರದ ದೋಷವನ್ನಷ್ಟೇ ಅಲ್ಲ, ನಿಂತ ಗಾಡಿಯ ಜನರನ್ನು ಹೊರತರುವ ಏರ್ಪಾಡಿನ ಕೊರತೆಯನ್ನೂ ಎತ್ತಿ ತೋರಿಸಿತು.

ಈ ಪರಂಪರೆಯಲ್ಲಿ ನಮಗೆ ಅತ್ಯಂತ ಬೋಧಪ್ರದವೆಂದು ತೋರಿದುದು ೨೦೦೮ರ ಚೀನದ ಪ್ರಸಂಗ. ಅಲ್ಲಿ ದಕ್ಷಿಣ ಭಾಗದಲ್ಲಿ ನಾನ್‌ಲಿಂಗ್ ಪರ್ವತಗಳು ಪೂರ್ವಪಶ್ಚಿಮವಾಗಿ ಹಬ್ಬಿವೆ. ಉತ್ತರದ ತಂಪುಗಾಳಿ ಈ ಬೆಟ್ಟಗಳ ಬುಡದಲ್ಲಿ ತೆಳುವಾದ ಪದರವಾಗಿ ನಿಂತಿತು; ದಕ್ಷಿಣದ ಬೆಚ್ಚನೆಯ ತೇವದ ಗಾಳಿ ಅದರ ಮೇಲೇರಿತು. ಮೇಲಿನಿಂದ ಮಳೆಯಾಗಿ ಹೊರಟ ಹನಿ ಕೆಳಗಿನ ತಂಪಿನಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟಲು ಅವಕಾಶವಿಲ್ಲದೆ ನೀರಾಗಿಯೇ ಇದ್ದು, ತಂತಿಯನ್ನೋ ಕಂಬವನ್ನೋ ಮುಟ್ಟಿದೊಡನೆ ಮಂಜುಗಡ್ಡೆಯಾಗುತ್ತದೆ. ಹಿಮ ಉದುರಿಹೋಗಬಹುದು; ಇದು ಉದುರುವುದಿಲ್ಲ. ಜನವರಿ ೧೦ರಿಂದ ಆರಂಭವಾದ ಈ ಹವೆ ವಾರಗಟ್ಟಲೆ ನಿಂತಿತು. ತಂತಿಗಳ ಮೇಲೆ ಗಡ್ಡೆ ದಪ್ಪವಾಗುತ್ತ ಹೋಗಿ ಉಕ್ಕಿನ ಗೋಪುರಗಳೇ ಮುರಿದು ಬಿದ್ದುವು. ಹುನಾನ್ ಪ್ರಾಂತದ ಚೆನ್‌ಜೌ ನಗರ ದೀಪವೂ ನೀರೂ ಇಲ್ಲದೆ ಬಹುದಿನ ಕತ್ತಲೆಯಲ್ಲಿತ್ತು. ಬೀಜಿಂಗಿನಿಂದ ಗ್ವಾಂಗ್‌ಜೌವಿಗೆ ಹೋಗುವ ಮುಖ್ಯ ರೈಲುಮಾರ್ಗ ಇದೇ ಊರಿನ ಮೂಲಕ ಬೆಟ್ಟವನ್ನು ದಾಟುತ್ತದೆ. ಹಳಿಗೆ ಏನೂ ಆಗಿರಲಿಲ್ಲ. ವಿದ್ಯುತ್ತು ಇಲ್ಲದೆ ಎಂಜಿನುಗಳು ನಿಂತುವು.

ಇದರೊಳಗೆ ಇನ್ನೊಂದು ಸುಳಿ ಅಡಗಿತ್ತು. ಎಂಜಿನಿಗೆ ವಿದ್ಯುತ್ತು ಬೇಕು. ವಿದ್ಯುತ್ತಿಗೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಬರಬೇಕಾದುದು ರೈಲಿನಲ್ಲಿ. ಗಾಡಿ ನಿಂತಷ್ಟೂ ವಿದ್ಯುದಾಗಾರಗಳ ದಾಸ್ತಾನು ಕರಗಿತು. ಬೇರೆ ಕಡೆಗಳಿಂದ ಡೀಸೆಲ್ ಎಂಜಿನುಗಳನ್ನು ತಂದು ಗಾಡಿಗಳನ್ನು ಎಳೆಯಿಸಿದ ಮೇಲೆಯೇ ಈ ಸುಳಿಯಿಂದ ಬಿಡುಗಡೆಗೆ ಆರಂಭವಾಯಿತು. ಅಷ್ಟರಲ್ಲಿ ಗ್ವಾಂಗ್‌ಜೌ ನಿಲ್ದಾಣದ ಮುಂದೆ ಜನಸಾಗರ ನೆರೆದಿತ್ತು. ಫೆಬ್ರವರಿ ೭ರಂದು ಅವರ ವಸಂತೋತ್ಸವ, ನಮ್ಮ ಯುಗಾದಿಯಂತೆ ಹೊಸ ವರ್ಷದ ಹಬ್ಬ. ವರ್ಷವೆಲ್ಲ ಕಾರ್ಖಾನೆಗಳಲ್ಲಿ ದುಡಿದು, ಹೆತ್ತವರನ್ನೂ ಮಕ್ಕಳನ್ನೂ ನೋಡಲು ಊರಿಗೆ ಹೋಗುವ ಅವಕಾಶ ಆ ಕೂಲಿಕಾರರಿಗೆ ಬಹುಮಟ್ಟಿಗೆ ಅದೊಂದೇ. ಒಂದೊಂದು ದಿನ ಲಕ್ಷಕ್ಕೂ ಮಿಕ್ಕ ಜನ ಮಳೆಯಲ್ಲಿ ಕೊಡೆ ಹಿಡಿದು ನಿಂತಿ‌ದ್ದರು. ನೂಕುನುಗ್ಗಲಿನಲ್ಲಿ ಒಬ್ಬ ತರುಣಿ ಸತ್ತಳು. ಪ್ರಧಾನಮಂತ್ರಿ ವೆನ್ ಜಿಯಾಬಾವೊ ಅವರು ಸ್ವತಃ ನಿಲ್ದಾಣಗಳಿಗೆ ಬಂದು ಧ್ವನಿವರ್ಧಕ ಹಿಡಿದು ಜನರ ಕ್ಷಮೆ ಕೇಳಿದರು. ಆ ಜನ ನಿಂತಿದ್ದ ಗ್ವಾಂಗ್‌ಜೌ ನಗರದಲ್ಲಿ ಹಿಮವೇ ಬಿದ್ದಿರಲಿಲ್ಲ. ತಮ್ಮನ್ನು ತಡೆದ ಮಂಜುಗಡ್ಡೆಯನ್ನು ಅವರಲ್ಲಿ ಯಾರೂ ಕಣ್ಣಿನಿಂದ ಕಂಡಿರಲಿಕ್ಕಿಲ್ಲ.

ಪರಿಹಾರೋಪಾಯಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಯಂತ್ರೋಪಾಯಗಳಲ್ಲಿ ಜಪಾನಿನವು ಮೆಚ್ಚತಕ್ಕವು. ೧೯೬೪ರಲ್ಲಿ ತೆರೆದ ಅಲ್ಲಿನ ಮೊದಲ ವೇಗದ ಮಾರ್ಗ ಸೆಕಿಗಹಾರ ಎಂಬ ಹಿಮದ ಪ್ರದೇಶವನ್ನು ಹಾಯುತ್ತದೆ. ಗಾಡಿಯ ಅಡಿಗೆ ಹಿಮ ಮೆತ್ತಿ, ಮುಂದೆ ಬೆಚ್ಚನೆಯ ಸೀಮೆಯಲ್ಲಿ ಗಡ್ಡೆಗಳಾಗಿ ಉದುರಿ, ಹಳಿಯಡಿಯ ಜಲ್ಲಿಯನ್ನು ಸಿಡಿಸುತ್ತಿತ್ತು. ಸಿಡಿದ ಕಲ್ಲು ಗಾಡಿಗೇ ತಗುಲುತ್ತಿತ್ತು. ಅದಕ್ಕಾಗಿ ಮಾರ್ಗದುದ್ದಕ್ಕೂ ನೀರು ಚಿಮುಕಿಸಿ ಹಿಮ ಹಾರದಂತೆ ಒದ್ದೆಮಾಡುತ್ತಾರೆ, ವೇಗವನ್ನೂ ತಗ್ಗಿಸುತ್ತಾರೆ. ೧೯೮೨ರಲ್ಲಿ ತೆರೆದ ಜೋಎತ್ಸು ಮಾರ್ಗದಲ್ಲಿ ಕಾಯಿಸಿದ ನೀರನ್ನೇ ಸುರಿದು ಹಿಮವನ್ನು ಕರಗಿಸಿ, ಆ ನೀರನ್ನು ಹಿಡಿದು ಮತ್ತೆ ಕಾಯಿಸುತ್ತಾರೆ. ಇಷ್ಟು ನಿಪುಣರಾದವರ ನಾಡಿನಲ್ಲಿಯೂ ೨೦೧೮ರ ಜನವರಿ ೧೧ರ ಸಂಜೆ ನೀಗಾತ ಪ್ರಾಂತದ ಹಳೆಯ ಮಾರ್ಗವೊಂದರಲ್ಲಿ ನಾಲ್ಕು ಡಬ್ಬಿಗಳ ಗಾಡಿ ಹಿಮದಲ್ಲಿ ನಿಂತು ಸುಮಾರು ೪೩೦ ಮಂದಿ ಹದಿನೈದು ಗಂಟೆ ಅದರೊಳಗೇ ರಾತ್ರಿ ಕಳೆದರು. ಎಷ್ಟೋ ಮಂದಿ ನಿಂತೇ ಇದ್ದರು. ಕತ್ತಲೆಯಲ್ಲಿ ಹಿಮದೊಳಕ್ಕೆ ಜನರನ್ನು ಇಳಿಸುವುದು ಅಪಾಯವೆಂದು ನೌಕರರು ಬಾಗಿಲು ತೆರೆಯಲಿಲ್ಲ. ವೆಲಿಂಗ್ಟನ್ನಿನ ಪ್ರಶ್ನೆಯೇ ಮತ್ತೆ ಬಂದಿತ್ತು; ಈ ಸಲ ದೀಪವೂ ಶಾಖವೂ ಇದ್ದುದರಿಂದ ಯಾರ ಪ್ರಾಣಕ್ಕೂ ಕುಂದು ಬರಲಿಲ್ಲ.

ಇನ್ನೊಂದು ಉಪಾಯ, ಗಾಡಿಯನ್ನು ಹೊರಡಿಸದೆಯೇ ಇರುವುದು. ೨೦೧೮ರ ಜನವರಿ ೧೮ರಂದು ಫ್ರೀಡರಿಕೆ ಎಂಬ ಚಳಿಗಾಲದ ಬಿರುಗಾಳಿ ಜರ್ಮನಿಯ ಮೇಲೆ ಬೀಸಿದಾಗ ಅಲ್ಲಿನ ರೈಲ್ವೆ ದೇಶದಲ್ಲೆಲ್ಲ ದೂರಪ್ರಯಾಣದ ಗಾಡಿಗಳನ್ನು ನಿಲ್ಲಿಸಿಬಿಟ್ಟಿತು. ಇಂತಹ ತೀರ್ಮಾನಕ್ಕೆ ಯಾವ ದೇಶದಲ್ಲಿಯೂ ಪ್ರಶಂಸೆ ಸಿಗುವುದಿಲ್ಲ. ಗಾಳಿ ಬಲವಾಗಿ ಬೀಸಿದರೆ, ಹೊರಟಿದ್ದ ಗಾಡಿಗಳನ್ನು ಮೊದಲೇ ತಡೆಯಲಿಲ್ಲವೇಕೆಂದು ಕೇಳುತ್ತಾರೆ. ಬೀಸದಿದ್ದರೆ, ಸುಮ್ಮನೆ ಬೆದರಿದರೆನ್ನುತ್ತಾರೆ. ನಿಲ್ದಾಣದಲ್ಲಿ ನಿಂತ ಗಾಡಿಯ ಪ್ರಯಾಣಿಕನು ಕಳೆದುಕೊಳ್ಳುವುದು ಒಂದು ದಿನವನ್ನು, ಹಬ್ಬದ ಕಾಲವಾದರೆ ಅದಕ್ಕಿಂತ ಹೆಚ್ಚನ್ನು. ಆ ನಷ್ಟವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಗ್ವಾಂಗ್‌ಜೌವಿನ ಜನರನ್ನು ನೆನೆದವರು ಹಾಗೆ ಕಾಣಲಾರರು. ಆದರೂ ಯೂಬಾ ಕಣಿವೆಯ ಆ ಮೂರು ರಾತ್ರಿಗಳ ಪಕ್ಕದಲ್ಲಿಟ್ಟು ತೂಗಿದಾಗ, ಮೊದಲೇ ನಿಲ್ಲಿಸಿದವನ ಪಕ್ಷವನ್ನು ವಹಿಸಬೇಕೆನಿಸುತ್ತದೆ.

ಡಾನರ್ ಕಣಿವೆಯಲ್ಲಿ ಇಂದಿಗೂ ಗಾಡಿಗಳು ಓಡುತ್ತಿವೆ. ಮಾರ್ಗ ಈಗ ಯೂನಿಯನ್ ಪೆಸಿಫಿಕ್ ಕಂಪನಿಯದು. ಚೀನೀ ಕೂಲಿಗಳು ಕೊರೆದ ನೆತ್ತಿಯ ಹಳೆಯ ಸುರಂಗದಿಂದ ೧೯೯೩ರಲ್ಲಿ ಹಳಿಯನ್ನು ಕಿತ್ತರು. ಗಾಡಿಗಳು ೧೯೨೫ರಲ್ಲಿ ಪಕ್ಕದ ಬೆಟ್ಟದಡಿ ಕೊರೆದ ಸುರಂಗದಲ್ಲಿ ಹಾಯುತ್ತವೆ. ಬರಿದಾದ ಹಳೆಯ ಸುರಂಗದಲ್ಲಿಯೂ ಕಾಂಕ್ರೀಟಿನ ಚಾವಣಿಗಳಡಿಯಲ್ಲಿಯೂ ಬೇಸಗೆಯಲ್ಲಿ ಜನ ನಡೆದಾಡುತ್ತಾರೆ. ತಿರುಗುನೇಗಿಲುಗಳನ್ನು ಕೆಳಗಿನ ರೋಸ್‌ವಿಲ್ ನಿಲ್ದಾಣದಲ್ಲಿ ಕಾಪಾಡಿಕೊಂಡಿದ್ದಾರೆ. ಹಿಮ ವಿಪರೀತವಾದ ವರ್ಷಗಳಲ್ಲಿ ಮಾತ್ರ ಅವು ಹೊರಬರುತ್ತವೆ. ಷಿಕಾಗೋದಿಂದ ಬರುವ ಪ್ರಯಾಣಿಕರ ಗಾಡಿಯ ಹೆಸರು ಈಗ ‘ಕ್ಯಾಲಿಫೋರ್ನಿಯಾ ಜೆಫಿರ್’. ದೊಡ್ಡ ಹಿಮಮಾರುತದ ಮುನ್ಸೂಚನೆ ಬಂದ ದಿನಗಳಲ್ಲಿ ಆ ಗಾಡಿಯನ್ನು ಕಣಿವೆಗೆ ಬಿಡದೆ ರದ್ದುಮಾಡುವುದುಂಟು.